ಬಂಡಾಯಕ್ಕೆ ನೆರವಾಗುವ ಸಣ್ಣ ಪಾತ್ರ: ವೈಜ್ಞಾನಿಕ ಕಥೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ದಬ್ಬಾಳಿಕೆಯ ಆಡಳಿತವೊಂದರ ವಿರುದ್ಧ ಜನ ಗುಟ್ಟಾಗಿ ಹೋರಾಡುವ ವೈಜ್ಞಾನಿಕ ಕಥೆಗಳಲ್ಲಿ ನಾಯಕಿಯ ಪಾತ್ರ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಲೇಖಕರು ಅವಳಿಗಾಗಿ ತಿಂಗಳುಗಟ್ಟಲೆ ಯೋಚಿಸಿರುತ್ತಾರೆ. ಕಥೆ ಸಡಿಲವಾಗುವುದು ಅವಳು ಓಡಿ ಬಂದಾಗ ಬಾಗಿಲು ತೆರೆಯುವ ಮುದುಕನ ಹತ್ತಿರ, ನಡುರಾತ್ರಿ ಲಾರಿ ನಿಲ್ಲಿಸುವ ಡ್ರೈವರ್ ಹತ್ತಿರ, ‘ನೀವು ಹೋಗಿ, ಇಲ್ಲಿ ನಾನು ನೋಡ್ಕೋತೀನಿ’ ಎನ್ನುವ ಕಾವಲುಗಾರನ ಹತ್ತಿರ. ಎರಡು ಪುಟ ಬಂದು, ಉಪಕಾರ ಮಾಡಿ, ಬಹಳ ಸಲ ಗುಂಡೇಟು ತಿಂದು ಮರೆಯಾಗುವ ಇವರಿಗೆ ಅದು ಹೇಗೆ ಸಾಧ್ಯವಾಯಿತು, ಯಾಕೆ ಮಾಡಿದರು ಎಂಬುದಕ್ಕೆ ಕಥೆಯಲ್ಲಿ ಉತ್ತರವೇ ಸಿಗುವುದಿಲ್ಲ.

ಈ ಪಾತ್ರವನ್ನು ಕಟ್ಟಬೇಕಾದ್ದು ಅದರ ಉದ್ಯೋಗದಿಂದ. ದಿನವೂ ಮಾಡುವ ಕೆಲಸವನ್ನೇ ಒಂದಿಷ್ಟು ಓರೆ ಮಾಡಿದಾಗ ಹುಟ್ಟುವ ನೆರವು ಮಾತ್ರ ಓದುಗರಿಗೆ ನಂಬಿಕೆ ತರುತ್ತದೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಸುತ್ತ ಕಥೆ ನಡೆಸುವವರಿಗೆ ಇಂಥ ಉದ್ಯೋಗಗಳ ಕೊರತೆಯಿಲ್ಲ. ಮುಂದಿನ ಹಂತಗಳನ್ನು ಒಂದೇ ಉದಾಹರಣೆ ಹಿಡಿದು ವಿವರಿಸಲಾಗಿದೆ. ವರ್ಷ 2074, ಊರು ಹಾಸನ, ಪಾತ್ರ ಒಣ ಕಾಫಿಯ ಸಿಪ್ಪೆ ಬಿಡಿಸಿ ಕಾಳು ಹಸನು ಮಾಡುವ ಕಾರ್ಖಾನೆಯಾದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೂಕ ಬರೆಯುವ ಸುಶೀಲಮ್ಮ.

ಹಂತ 1: ಆಡಳಿತ ಏನನ್ನು ಅಳೆಯುತ್ತದೆ ಎಂದು ಬರೆದುಕೊಳ್ಳಿ

ಎಲ್ಲವನ್ನೂ ನೋಡುವ, ಎಲ್ಲವನ್ನೂ ಕೇಳುವ ಆಡಳಿತವನ್ನು ಸೃಷ್ಟಿಸಬೇಡಿ. ಅಂಥ ಆಡಳಿತದ ಕೆಳಗೆ ಸಣ್ಣವರು ಏನೂ ಮಾಡಲಾಗದು. ಮಾಡಿದಂತೆ ಬರೆದರೆ ಆಡಳಿತವೇ ಸುಳ್ಳಾಗುತ್ತದೆ. ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಳ್ಳಿ: ಏನನ್ನು ಅಳೆಯುತ್ತಾರೆ, ಯಾವ ಉಪಕರಣದಿಂದ ಅಳೆಯುತ್ತಾರೆ, ಆ ಅಳತೆಯ ಯಾವ ಭಾಗ ಇನ್ನೂ ಮನುಷ್ಯರ ಕೈಯಲ್ಲಿದೆ. ಸಣ್ಣ ಪಾತ್ರ ಹುಟ್ಟುವುದು ಈ ಮೂರನೇ ಸಾಲಿನಿಂದ.

ನಮ್ಮ ಉದಾಹರಣೆಯ ಆಡಳಿತ ಮೂರನ್ನು ಅಳೆಯುತ್ತದೆ. ಮೊದಲನೆಯದು ಕರೆಂಟು: ಪ್ರತಿ ಮನೆಯ ಮೀಟರು ಕೇಂದ್ರಕ್ಕೆ ವರದಿ ಕಳಿಸುತ್ತದೆ, ಪಡಿತರದ ಮಿತಿಗಿಂತ ಹೆಚ್ಚು ಬ್ಯಾಟರಿ ಚಾರ್ಜು ಮಾಡಿದರೆ ಮರುದಿನ ಬಾಗಿಲಿಗೆ ಜನ ಬರುತ್ತಾರೆ. ಎರಡನೆಯದು ಸರಕು: ಪ್ರತಿ ಚೀಲದ ತೂಕ ಗೇಟಿನಲ್ಲಿ ದಾಖಲಾಗುತ್ತದೆ. ಮೂರನೆಯದು ರೇಡಿಯೊ: ಅನುಮತಿಯಿಲ್ಲದ ಪ್ರಸಾರ ಎಲ್ಲಿಂದ ಬರುತ್ತಿದೆ ಎಂದು ದಿಕ್ಕು ಹಿಡಿಯುವ ವಾಹನಗಳು ತಿರುಗುತ್ತಿರುತ್ತವೆ. ಬಂಡಾಯಗಾರರು ಹಾಸನ ಪೇಟೆಯೊಳಗಿಂದ ದಿನಕ್ಕೆ 15 ನಿಮಿಷ ರೇಡಿಯೊ ನಡೆಸುತ್ತಾರೆ. ಅವರಿಗೆ ಬೇಕಾದ್ದು ಮೀಟರಿಗೆ ಸಿಗದ ಕರೆಂಟು.

ಹಾಸನದ ಕಥೆ ಎಂದ ಕೂಡಲೇ ಉಪಗ್ರಹದ ಕಡೆ ಕೈ ಹೋಗುತ್ತದೆ. 1982ರಿಂದ ಇಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ದೊಡ್ಡ ಡಿಶ್‌ಗಳು ಊರಿನವರಿಗೆಲ್ಲ ಪರಿಚಿತ. ಆದರೆ ಉಪಗ್ರಹವೆಂದರೆ ಎಲ್ಲವನ್ನೂ ಕಾಣುವ ಕಣ್ಣು ಎಂದು ಬರೆಯಬೇಡಿ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಅಲ್ಲಿಂದ ಮೋಡದ ರಾಶಿ ಕಾಣುತ್ತದೆ, ಕಣದಲ್ಲಿ ನಿಂತ ಮನುಷ್ಯ ಕಾಣುವುದಿಲ್ಲ. ಸ್ಪಷ್ಟವಾಗಿ ಚಿತ್ರ ತೆಗೆಯುವ ಉಪಗ್ರಹಗಳು 500ರಿಂದ 700 ಕಿ.ಮೀ. ಎತ್ತರದಲ್ಲಿ ಓಡುತ್ತವೆ, ಒಂದು ಊರಿನ ಆಕಾಶವನ್ನು ಹತ್ತು ನಿಮಿಷದ ಆಸುಪಾಸಿನಲ್ಲಿ ದಾಟಿಬಿಡುತ್ತವೆ. ಮಳೆಗಾಲದ ಮೋಡ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ, ರೇಡಾರ್‌ಗೆ ಬರುವುದಿಲ್ಲ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಿನ ಕಾಫಿ ತೋಟದೊಳಗೆ ಏನಾಗುತ್ತಿದೆ ಎಂಬುದು ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಬಹುಪಾಲು ತಿಳಿಯದು. ಈ ಮಿತಿಗಳೇ ನಿಮ್ಮ ಪಾತ್ರ ಓಡಾಡುವ ದಾರಿ.

ಹಂತ 2: ಉದ್ಯೋಗ ಆರಿಸಿ

ಮೂರು ಗುಣ ನೋಡಿ. ಆಡಳಿತ ಮುಟ್ಟಲೇಬೇಕಾದ ಯಾವುದನ್ನೋ ಆ ಉದ್ಯೋಗ ಮುಟ್ಟುತ್ತಿರಬೇಕು. ಅದನ್ನು ಮಾಡುವವರು ಎಲ್ಲರ ಕಣ್ಣಿಗೂ ಬೀಳುತ್ತಿರಬೇಕು, ಆದರೆ ಯಾರೂ ಅವರನ್ನು ನಿಂತು ನೋಡಬಾರದು. ಕೆಲಸದಲ್ಲಿ ಅಂದಾಜಿಗೆ ಸ್ವಲ್ಪ ಜಾಗ ಇರಬೇಕು.

ಲೈನ್‌ಮನ್ ಒಳ್ಳೆಯ ಆಯ್ಕೆ. ಮಲೆನಾಡಿನ ಜೂನ್–ಜುಲೈ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ಹೊಸದಲ್ಲ. ಕಂಬ ಹತ್ತುವ ಮೊದಲು ಅವನು ಎಲ್.ಸಿ. (ಲೈನ್ ಕ್ಲಿಯರ್) ತೆಗೆದುಕೊಳ್ಳುತ್ತಾನೆ, ಅಂದರೆ ಸಬ್‌ಸ್ಟೇಷನ್‌ಗೆ ಹೇಳಿ ಆ ಫೀಡರಿನ ಕರೆಂಟು ನಿಲ್ಲಿಸಿಕೊಳ್ಳುತ್ತಾನೆ. ಅಷ್ಟು ಹೊತ್ತಿನ ಕತ್ತಲು ಕಾನೂನುಬದ್ಧ ಕತ್ತಲು. ನಲವತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ತೆಗೆದುಕೊಂಡರೆ ಇಪ್ಪತ್ತು ನಿಮಿಷ ಬಂಡಾಯಕ್ಕೆ ಸಿಕ್ಕಿತು. ಅವನ ದುರ್ಬಲ ಜಾಗ ಸಬ್‌ಸ್ಟೇಷನ್ನಿನ ಪುಸ್ತಕ: ಎಲ್.ಸಿ. ಕೊಟ್ಟ ಸಮಯ, ವಾಪಸು ಪಡೆದ ಸಮಯ ಎರಡೂ ಅಲ್ಲಿರುತ್ತವೆ.

ನೈಟ್ ಹಾಲ್ಟ್ ಬಸ್ಸಿನ ಕಂಡಕ್ಟರ್ ಇನ್ನೊಬ್ಬ. ರಾತ್ರಿ ಬಸ್ಸು ಊರಲ್ಲೇ ತಂಗಿ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೊರಡುತ್ತದೆ. ಮಾತ್ರೆ, ಪಂಪ್‌ಸೆಟ್ಟಿನ ವಾಷರ್, ಮದುವೆ ಕಾರ್ಡು ಎಲ್ಲವನ್ನೂ ಊರಿನವರು ಅವನ ಕೈಗೇ ಕೊಟ್ಟು ಕಳಿಸುತ್ತಾರೆ. ಹತ್ತು ಪೊಟ್ಟಣದ ನಡುವೆ ಹನ್ನೊಂದನೆಯದು ಯಾರ ಕಣ್ಣಿಗೂ ಬೀಳದು. ಹೇಮಾವತಿ ನಾಲೆಯ ನೀರುಗಂಟಿಗೆ ತೂಬು ಎಷ್ಟು ಎತ್ತಿದೆ ಎಂಬುದು ಗೊತ್ತು. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬುದು ಗೊತ್ತು, ಹಾಗಾಗಿ ಒಂದು ತಲೆ ಕಡಿಮೆ ಬರೆಯುವುದು ಅವಳಿಗೆ ಸಾಧ್ಯ.

ಬೇಡವಾದ ಉದ್ಯೋಗಗಳೂ ಇವೆ. ಹೊಟ್ಟೆಪಾಡಿಗೆ ಚಹಾ ಅಂಗಡಿ ಇಟ್ಟುಕೊಂಡ ನಿವೃತ್ತ ವಿಜ್ಞಾನಿ, ಕಂಪ್ಯೂಟರ್ ಭೇದಿಸುವ ಹುಡುಗ, ಕಾಡಿನಲ್ಲಿ ಒಂಟಿಯಾಗಿರುವ ನಾಟಿವೈದ್ಯ. ಇವರಿಗೆ ಆಡಳಿತದೊಂದಿಗೆ ದಿನದ ವ್ಯವಹಾರವೇ ಇಲ್ಲ. ಕಥೆಗೆ ಬೇಕಾದಾಗ ಬರುತ್ತಾರೆ, ಬೇಡವಾದಾಗ ಹೋಗುತ್ತಾರೆ.

ಆಯ್ಕೆ ಸರಿಯಿದೆಯೇ ಎಂದು ಹೀಗೆ ಪರೀಕ್ಷಿಸಿ: ಬಂಡಾಯವೇ ಇಲ್ಲದಿದ್ದರೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಈ ವ್ಯಕ್ತಿ ಇದೇ ಕೆಲಸ ಮಾಡುತ್ತಿದ್ದರೇ? ಹೌದು ಎಂದಾದರೆ ಮುಂದೆ ಹೋಗಿ.

ಹಂತ 3: ನೆರವನ್ನು ಒಂದೇ ಕ್ರಿಯೆಗೆ ಇಳಿಸಿ, ಲೆಕ್ಕ ಹಾಕಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಈ ಹಂತಕ್ಕೆ. ‘ಸುಶೀಲಮ್ಮ ಬ್ಯಾಟರಿ ಸಾಗಿಸಲು ಸಹಾಯ ಮಾಡಿದರು’ ಎನ್ನುವುದು ಸಾರಾಂಶವಾಯಿತು, ದೃಶ್ಯವಾಗಲಿಲ್ಲ. ಅವರ ಬೆರಳು ಏನು ಮಾಡಿತು?

ಹಿನ್ನೆಲೆ ಹೀಗಿದೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯ ಒಂದು ತೋಟದಲ್ಲಿ ಹಳ್ಳಕ್ಕೆ ಕಟ್ಟಿದ ಸಣ್ಣ ಜಲವಿದ್ಯುತ್ ಯಂತ್ರವಿದೆ. ಮಲೆನಾಡಿನ ಒಂಟಿ ಮನೆಗಳಲ್ಲಿ ಇಂಥವು ಈಗಲೂ ಇವೆ. 300 ವ್ಯಾಟ್ ಕೊಡುವ ಯಂತ್ರ ಎಂದಿಟ್ಟುಕೊಳ್ಳಿ, ಅದಕ್ಕೆ ಮೀಟರಿಲ್ಲ. ಅಲ್ಲಿ ಚಾರ್ಜಾದ ಬ್ಯಾಟರಿ ಸೆಲ್‌ಗಳು ಕಾಫಿ ಚೀಲದೊಳಗೆ ಹಾಸನಕ್ಕೆ ಬರಬೇಕು. ಚೀಲ 50 ಕಿಲೋ. ಗೇಟಿನಲ್ಲಿ ತೂಕ ಆಗುತ್ತದೆ, ತಿಂಗಳ ನಂತರ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹೋಗುವಾಗ ಮತ್ತೆ ತೂಕ ಆಗುತ್ತದೆ. ನಡುವೆ ಸೆಲ್ ತೆಗೆದರೆ ಅಷ್ಟು ತೂಕ ಕಡಿಮೆಯಾಗುತ್ತದೆ, ಕೇಂದ್ರದ ಗಣಕ ಯಾಕೆಂದು ಕೇಳುತ್ತದೆ.

ಉತ್ತರ ತೇವಾಂಶದಲ್ಲಿದೆ. ಅರೇಬಿಕಾ ತಳಿಯ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣನ್ನು, ಕಣದಲ್ಲಿ ಶೇ. 12ರಷ್ಟು ತೇವ ಉಳಿಯುವವರೆಗೆ ಒಣಗಿಸುವುದು ವಾಡಿಕೆ. ಶೇ. 12 ತೇವವಿರುವ 50 ಕಿಲೋ ಕಾಫಿಯಲ್ಲಿ ಒಣ ಪದಾರ್ಥ 44 ಕಿಲೋ. ಅದೇ ಕಾಫಿ ಗೋದಾಮಿನಲ್ಲಿ ಶೇ. 11ಕ್ಕೆ ಇಳಿದರೆ ತೂಕ 44 ಭಾಗಿಸು 0.89, ಅಂದರೆ 49.44 ಕಿಲೋ. 560 ಗ್ರಾಂ ಗಾಳಿಗೆ ಹೋಯಿತು, ಯಾರೂ ಕದಿಯಲಿಲ್ಲ.

ಈಗ ಸೆಲ್ ಲೆಕ್ಕ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಈಗಿನ ಲಿಥಿಯಂ ಸೆಲ್ ಸುಮಾರು 46 ಗ್ರಾಂ ತೂಗುತ್ತದೆ, ಹತ್ತು ಹನ್ನೊಂದು ವ್ಯಾಟ್-ಗಂಟೆ ಶಕ್ತಿ ಹಿಡಿಯುತ್ತದೆ. ಬಟ್ಟೆ ಸುತ್ತಿದ 11 ಸೆಲ್ ಸುಮಾರು 560 ಗ್ರಾಂ. ಹತ್ತು ಚೀಲಕ್ಕೆ 110 ಸೆಲ್, ಒಟ್ಟು ಸುಮಾರು 1.2 ಕಿಲೋವ್ಯಾಟ್-ಗಂಟೆ. ಹಳ್ಳದ ಯಂತ್ರಕ್ಕೆ ಇದು ನಾಲ್ಕೈದು ಗಂಟೆಯ ಕೆಲಸ. 200 ವ್ಯಾಟ್ ಎಳೆಯುವ ಪ್ರಸಾರಯಂತ್ರವನ್ನು ಇದರಿಂದ ಆರು ಗಂಟೆ ನಡೆಸಬಹುದು. ದಿನಕ್ಕೆ 15 ನಿಮಿಷದಂತೆ ಮೂರು ವಾರ ದಾಟುತ್ತದೆ. ಒಂದು ಲೋಡಿಗೆ ಮೂರು ವಾರದ ದನಿ. ಕಥೆಯ ಕಾಲಗತಿ ಇಲ್ಲಿಂದಲೇ ಸಿಕ್ಕಿಬಿಟ್ಟಿತು: ಮೂರು ವಾರಕ್ಕೊಮ್ಮೆ ಲಾರಿ ಬರಲೇಬೇಕು.

ತೂಕದ ಕಾಟಾ ನೇರವಾಗಿ ಕೇಂದ್ರಕ್ಕೆ ಅಂಕಿ ಕಳಿಸುತ್ತದೆ, ಸುಶೀಲಮ್ಮ ಅದನ್ನು ಮುಟ್ಟಲಾರರು. ಆದರೆ ತೇವಾಂಶದ ಮೀಟರು ಹಳೆಯದು. ಬಟ್ಟಲಿಗೆ ಕಾಫಿ ತುಂಬಿ, ಅಂಕಿ ಓದಿ, ಅವರೇ ಒತ್ತಬೇಕು. ಅವರ ಕ್ರಿಯೆ ಇಷ್ಟೇ: 11 ಎಂದು ತೋರಿಸಿದಾಗ 12 ಎಂದು ಒತ್ತುವುದು.

ಸುಳ್ಳನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ಬಹಳ ಲೇಖಕರು ಎಡವುತ್ತಾರೆ. ಚೀಲ ಹೊರಗೆ ಹೋಗುವಾಗ ಸುಳ್ಳು ಬರೆಯಿಸಿದರೆ ಯಾವ ತನಿಖೆಯವನಾದರೂ ಮತ್ತೆ ಅಳೆದು ಹಿಡಿಯಬಲ್ಲ. ಒಳಗೆ ಬರುವಾಗಿನ ಸುಳ್ಳನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಆ ಕ್ಷಣದ ತೇವ ಮತ್ತೆ ಸಿಗುವುದಿಲ್ಲ. ಆಮೇಲೆ ಯಾವಾಗ ಅಳೆದರೂ ಕಾಫಿ ನಿಜವಾಗಿಯೇ ಶೇ. 11 ಇರುತ್ತದೆ. ಇದಕ್ಕಾಗಿ ತೋಟದವರು ಆ ಹತ್ತು ಚೀಲದ ಕಾಫಿಯನ್ನು ಕಣದಲ್ಲಿ ಹೆಚ್ಚು ಬಿಸಿಲಿಗೆ ಹಾಕಿರಬೇಕು. ಹಾಗೆ ಕಣ ಕೆದರುವ ಕೂಲಿಯಾಳಿಗೂ ಒಂದು ಪಾಲು ಸಿಕ್ಕಿತು, ಅವನಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ.

ಚಾರ್ಜು ಮುಗಿದ ಸೆಲ್‌ಗಳು ವಾಪಸು ಹೋಗುವುದು ಹೇಗೆ? ತೋಟಕ್ಕೆ ಮರಳುವ ಖಾಲಿ ಗೋಣಿಚೀಲಗಳ ಕಟ್ಟಿನಲ್ಲಿ. ಖಾಲಿ ಚೀಲವನ್ನು ಎಣಿಸುತ್ತಾರೆ, ತೂಗುವುದಿಲ್ಲ.

ಹಂತ 4: ಏನು ಕೆಡುತ್ತದೆ, ಯಾಕೆ ಕೆಡುತ್ತದೆ

ಉಪಾಯ ಸಿದ್ಧವಾದ ಮೇಲೆ ಅದನ್ನು ನೀವೇ ಮುರಿಯಲು ಕೂರಬೇಕು. ಕಥೆಯ ಉದ್ವೇಗವೆಲ್ಲ ಇಲ್ಲಿಂದ ಬರುತ್ತದೆ. ಬೆನ್ನಟ್ಟುವ ಡ್ರೋನ್‌ಗಳಿಗಿಂತ ತೇವಾಂಶದ ಒಂದು ದಶಮಾಂಶ ಹೆಚ್ಚು ಭಯ ಹುಟ್ಟಿಸಬಲ್ಲದು.

ಮೊದಲ ತೊಡಕು, ಮಾದರಿ ತೆಗೆಯುವ ಕೊಳವೆ. ತುದಿ ಚೂಪಾದ ಲೋಹದ ಕೊಳವೆಯನ್ನು ಗೋಣಿಗೆ ಚುಚ್ಚಿ ಹಿಡಿಯಷ್ಟು ಕಾಫಿ ಇಳಿಸಿಕೊಳ್ಳುತ್ತಾರೆ. ಚೆರಿಯೊಳಗೆ ಕೊಳವೆ ಹೋಗುವ ಸದ್ದು ಸರಸರ. ಸೆಲ್ಲಿಗೆ ತಗುಲಿದರೆ ಟಕ್ ಎನ್ನುತ್ತದೆ, ತೆಳ್ಳಗಿನ ಹೊದಿಕೆ ತೂತಾದರೆ ಸೆಲ್ ಬಿಸಿಯಾಗಿ ಹೊತ್ತಿಕೊಳ್ಳಲೂಬಹುದು. ಹಾಗಾಗಿ ಸೆಲ್‌ನ ಗಂಟು ಚೀಲದ ತಳದ ಮೂಲೆಯಲ್ಲಿರಬೇಕು, ಕೊಳವೆ ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಚುಚ್ಚಬೇಕು, ಚುಚ್ಚುವವರು ಸುಶೀಲಮ್ಮನೇ ಆಗಿರಬೇಕು. ಅವರು ಒಂದು ದಿನ ಜ್ವರವೆಂದು ರಜೆ ಹಾಕಿ, ಬದಲಿಗೆ ಹೊಸ ಹುಡುಗ ಕೊಳವೆ ಹಿಡಿದರೆ? ಒಂದು ಇಡೀ ದೃಶ್ಯ ಅಲ್ಲೇ ಇದೆ.

ಎರಡನೆಯದು, ಒಂದೇ ತೆರನಾದ ಅಂಕಿ. ಹತ್ತು ಚೀಲವೂ ಸರಿಯಾಗಿ 560 ಗ್ರಾಂ ಕಳೆದುಕೊಂಡರೆ ಅದು ಕಾಫಿಯ ನಡವಳಿಕೆಯಲ್ಲ. ಗೋಡೆ ಪಕ್ಕದ ಚೀಲ, ನಡುವಿನ ಚೀಲ, ಬಾಗಿಲ ಗಾಳಿಗೆ ಸಿಕ್ಕ ಚೀಲ ಒಂದೊಂದು ಒಂದೊಂದು ರೀತಿ ಒಣಗುತ್ತವೆ. ಲೆಕ್ಕದಲ್ಲಿ ಶೇ. 0.1 ತೇವಕ್ಕೆ ಸುಮಾರು 55 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಸೆಲ್. ಒಂದರಲ್ಲಿ 9, ಇನ್ನೊಂದರಲ್ಲಿ 12, ಮತ್ತೊಂದರಲ್ಲಿ 10 ಸೆಲ್ ಇಟ್ಟು, ಒತ್ತುವ ಅಂಕಿಯನ್ನೂ ಅದಕ್ಕೆ ತಕ್ಕಂತೆ 11.8, 12.1, 11.9 ಎಂದು ಬದಲಿಸಬೇಕು. ಯಾವ ಚೀಲದಲ್ಲಿ ಎಷ್ಟು ಎಂಬ ಸುದ್ದಿ ಅವರಿಗೆ ತಲುಪುವುದು ಹೇಗೆ? ಚೀಲದ ಬಾಯಿಯ ಹೊಲಿಗೆಯಿಂದ. ದಬ್ಬಣದ ಹೊಲಿಗೆ ಸಂಖ್ಯೆ ಸೆಲ್‌ನ ಸಂಖ್ಯೆ.

ಮೂರನೆಯದು, ಕಾಲ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹಾಸನದ ಒಣ ಹವೆಯಲ್ಲಿ ಕಾಫಿ ತೇವ ಬಿಡುತ್ತದೆ. ಜೂನ್ ಬಂದರೆ ಎಲ್ಲ ಉಲ್ಟಾ. ಗಾಳಿಯ ತೇವವನ್ನು ಕಾಫಿಯೇ ಹೀರಿಕೊಂಡು ತೂಕ ಏರುತ್ತದೆ. ಜುಲೈನಲ್ಲಿ ಚೀಲ ಒಣಗಿತು ಎಂದು ಯಾರಾದರೂ ದಾಖಲಿಸಿದರೆ ಗಣಕವೇ ಬೇಡ, ಹಮಾಲಿಯೂ ನಗುತ್ತಾನೆ. ಇತ್ತ ಹಳ್ಳದ ನೀರು ಮಳೆಗಾಲದಲ್ಲಿ ಭರ್ತಿ, ಫೆಬ್ರವರಿ ಹೊತ್ತಿಗೆ ಬಡಕಲು. ಕರೆಂಟು ಸಿಗುವ ತಿಂಗಳು ಒಂದು, ಸಾಗಿಸಬಹುದಾದ ತಿಂಗಳು ಇನ್ನೊಂದು. ಎರಡೂ ಕೂಡುವುದು ಜನವರಿಯ ಸುತ್ತಮುತ್ತ ಕೆಲವು ವಾರ ಮಾತ್ರ. ಇಂಥ ಇಕ್ಕಟ್ಟನ್ನು ಕುಳಿತು ಹೆಣೆಯಬೇಕಾಗಿಲ್ಲ, ನೆಲದ ಹವೆಯೇ ಕೊಡುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬೇಗ ಬಂದ ವರ್ಷವನ್ನು ಆರಿಸಿಕೊಂಡರೆ ಇಕ್ಕಟ್ಟು ಇನ್ನೂ ಬಿಗಿಯಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು. ಸುಶೀಲಮ್ಮ ಪ್ರತಿ ಚೀಲವನ್ನೂ ಜಾಣತನದಿಂದ ಬರೆದರೂ, ಒಂದೇ ತೋಟದ ಚೀಲಗಳು ಸದಾ ಹೆಚ್ಚು ಒಣಗುತ್ತಿವೆ ಎಂಬುದು ತಿಂಗಳುಗಳ ದಾಖಲೆಯಲ್ಲಿ ಎದ್ದು ಕಾಣುತ್ತದೆ. ಗಣಕ ಅವರ ಮೇಲೆ ಬೊಟ್ಟು ಮಾಡುವುದಿಲ್ಲ, ತೋಟದ ಮೇಲೆ ಮಾಡುತ್ತದೆ. ಅಂದರೆ ಇವರ ಕೆಲಸದ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗಬಹುದು. ಇದು ಅವರಿಗೆ ಯಾವಾಗ ಹೊಳೆಯುತ್ತದೆ ಎಂಬುದನ್ನು ಕಥೆಯ ಮಧ್ಯಭಾಗದಲ್ಲೇ ನಿರ್ಧರಿಸಿ.

ಹಂತ 5: ಅವರಿಗೆ ಎಷ್ಟು ಗೊತ್ತು

ಕಾಗದದ ನಡುವೆ ಗೆರೆ ಎಳೆದು ಎಡಗಡೆ ಗೊತ್ತಿರುವುದು, ಬಲಗಡೆ ಗೊತ್ತಿಲ್ಲದ್ದು ಬರೆಯಿರಿ. ಸುಶೀಲಮ್ಮನ ಎಡಗಡೆ: ಲಾರಿ ಡ್ರೈವರ್ ಮಂಜ, ಹೊಲಿಗೆಯ ಲೆಕ್ಕ, ಗಂಟನ್ನು ಇಡಬೇಕಾದ ಜಾಗ. ಬಲಗಡೆ: ಯಾವ ಗೌಡರ ಕಣದಲ್ಲಿ ಗಂಟು ಕಟ್ಟುತ್ತಾರೆ, ಗಂಟು ಒಯ್ಯುವವರು ಯಾರು, ರೇಡಿಯೊ ಎಲ್ಲಿದೆ, ನಾಯಕಿಯ ಹೆಸರು. ಸೆಲ್ ರೇಡಿಯೊಗೆ ಹೋಗುತ್ತದೆ ಎಂಬ ಊಹೆ ಇರಬಹುದು, ಕೇಳಿ ತಿಳಿದಿರಬಾರದು. ಗುಪ್ತ ಹೋರಾಟಗಳು ನಡೆಯುವ ರೀತಿಯೇ ಇದು. ಸಿಕ್ಕಿಬಿದ್ದವರು ಹೇಳಬಲ್ಲದ್ದು ಕಡಿಮೆ ಇದ್ದಷ್ಟೂ ಉಳಿದವರು ಕ್ಷೇಮ.

1942ರ ಚಲೇಜಾವ್ ಕಾಲದಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ನಡೆಸಿದ ಕಾಂಗ್ರೆಸ್ ರೇಡಿಯೊ ಈ ಹಂತಕ್ಕೆ ಒಳ್ಳೆಯ ಪಾಠ. ಆಗಸ್ಟ್ 27ರಂದು ಶುರುವಾದ ಪ್ರಸಾರ, ಜಾಗ ಬದಲಿಸುತ್ತಾ, ನವೆಂಬರ್ 12ರವರೆಗೆ ನಡೆಯಿತು. ಪೊಲೀಸರಿಗೆ ಜಾಗ ತಿಳಿದದ್ದು ತಾಂತ್ರಿಕ ನೆರವು ಕೊಟ್ಟಿದ್ದ ವ್ಯಕ್ತಿಯಿಂದ. ತಂತ್ರಜ್ಞನಿಗೆ ಯಂತ್ರ ಎಲ್ಲಿದೆ ಎಂಬುದು ಗೊತ್ತಿರಲೇಬೇಕಿತ್ತು. ನಿಮ್ಮ ಕಥೆಯಲ್ಲಿ ಯಾರಿಗೆ ಯಾವುದು ಗೊತ್ತಿರದೆ ವಿಧಿಯಿಲ್ಲ ಎಂದು ಹುಡುಕಿ. ಬಿರುಕು ಬಿಡುವುದು ಅಲ್ಲಿ.

ನಾಯಕಿ ಮತ್ತು ಸುಶೀಲಮ್ಮ ಭೇಟಿಯಾಗದಿದ್ದರೆ ಒಳ್ಳೆಯದು. ನಾಯಕಿಯ ಕೈಗೆ ಬರುವುದು ಹಳೆ ಸೀರೆಯ ಚೂರಿನಲ್ಲಿ ಸುತ್ತಿ, ಗೋಣಿ ಹುರಿಯಿಂದ ಬಿಗಿದ ಗಂಟು ಮಾತ್ರ. ಹುರಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚುವಾಗ ಕಾಫಿ ಸಿಪ್ಪೆಯ ಹುಳಿ ವಾಸನೆ ಮೂಗಿಗೆ ಬಡಿಯಲಿ. ಕಾಣದ ಮನುಷ್ಯರ ಸಂಬಂಧ ಅಷ್ಟರಲ್ಲಿ ಓದುಗರಿಗೆ ಮುಟ್ಟುತ್ತದೆ.

ಹಂತ 6: ಯಾಕೆ ಮಾಡುತ್ತಾರೆ

ಸತ್ತ ಮಗ, ಸೆರೆಯಲ್ಲಿರುವ ಗಂಡ ಎಂಬ ಕಾರಣಗಳಿಗೆ ಮೊದಲೇ ಕೈ ಹಾಕಬೇಡಿ. ಅವು ನಿಜ ಜೀವನದಲ್ಲಿ ಇಲ್ಲವೆಂದಲ್ಲ. ಆದರೆ ಪ್ರತಿ ಸಹಾಯಕನಿಗೂ ಅದೇ ಗಾಯವಿದ್ದರೆ ಯಾರ ಗಾಯವೂ ನೆನಪಿನಲ್ಲಿ ಉಳಿಯುವುದಿಲ್ಲ. ಕಾರಣವನ್ನು ಉದ್ಯೋಗದೊಳಗೇ ಹುಡುಕಿ.

ಸುಶೀಲಮ್ಮ ತೂಕದವರು. ಆಡಳಿತ ಬಂದ ಮೇಲೆ ಕಾಟಾ ಗ್ರಾಂವರೆಗೆ ಅಳೆದು ಕೇಂದ್ರಕ್ಕೆ ಕಳಿಸುತ್ತದೆ, ಬೆಳೆಗಾರನ ಚೀಟಿಯಲ್ಲಿ ಮಾತ್ರ ಅರ್ಧ ಕಿಲೋಗೆ ಇಳಿಸಿ ಮುದ್ರಿಸುತ್ತದೆ. 49.98 ಇದ್ದದ್ದು ಚೀಟಿಯಲ್ಲಿ 49.5. ಎರಡು ಎಕರೆಯ ಬೆಳೆಗಾರ ಚೀಟಿ ಹಿಡಿದು ‘ಅಮ್ಮ, ಮನೇಲಿ ತೂಗಿದಾಗ ಐವತ್ತಿತ್ತಲ್ಲ’ ಎಂದು ದಿನವೂ ಕೇಳುತ್ತಾನೆ. ‘ಯಂತ್ರ ತೋರಿಸಿದ್ದಿಷ್ಟು ಕಣಪ್ಪ’ ಎಂದು ಅವರು ದಿನವೂ ಹೇಳಬೇಕು. ತಕ್ಕಡಿ ನ್ಯಾಯವಾಗಿ ಹಿಡಿದು ಬದುಕಿದವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ. ಅವರಿಂದ ದಿನವೂ ಅರ್ಧ ಕಿಲೋ ಸುಳ್ಳು ಹೇಳಿಸುವ ಆಡಳಿತಕ್ಕೆ ಅವರು ತಿರುಗಿಸಿ ಹೇಳುವುದೂ ಅರ್ಧ ಕಿಲೋ ಸುಳ್ಳೇ. ಈ ಸಮವನ್ನು ಪಾತ್ರದ ಬಾಯಲ್ಲಿ ಹೇಳಿಸಬೇಡಿ. ಅಂಕಿಗಳು ಎರಡು ಕಡೆ ಕಾಣಿಸಿಕೊಂಡರೆ ಓದುಗರೇ ಜೋಡಿಸಿಕೊಳ್ಳುತ್ತಾರೆ.

ಇದರ ಜೊತೆಗೆ ಪಾತ್ರಕ್ಕೆ ಕಥೆಯಾಚೆಗಿನ ಒಂದು ಬದುಕೂ ಇರಲಿ. ನಾಜಿ ಆಳ್ವಿಕೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಚೇರಿಯೊಂದರ ಹಿಂಭಾಗದಲ್ಲಿ ಅಡಗಿದ್ದ ಆನ್ ಫ್ರಾಂಕ್ ಕುಟುಂಬ ಸೇರಿ ಎಂಟು ಜನರಿಗೆ ತರಕಾರಿ ಸಿಗುತ್ತಿದ್ದದ್ದು ಹತ್ತಿರದ ತರಕಾರಿ ಅಂಗಡಿಯವನಿಂದ. 1944ರ ಮೇ ತಿಂಗಳಲ್ಲಿ ಅವನು ಬಂಧಿತನಾದ. ಈ ಎಂಟು ಜನರ ಕಾರಣಕ್ಕಲ್ಲ. ತನ್ನ ಮನೆಯಲ್ಲಿ ಬೇರೆ ಇಬ್ಬರು ಯಹೂದಿಗಳನ್ನು ಅಡಗಿಸಿಟ್ಟಿದ್ದಕ್ಕೆ. ಆ ಸುದ್ದಿ ಬಂದ ಮೇಲೆ ಎಂಟು ಜನರ ಊಟ ಕಡಿಮೆಯಾಯಿತು. ಇವರ ಪಾಲಿಗೆ ತರಕಾರಿಯವನಾಗಿದ್ದವನು ಇನ್ನೊಂದು ಮನೆಯಲ್ಲಿ ಎರಡು ಜೀವ ಕಾಯುತ್ತಿದ್ದ. ಸಣ್ಣ ಪಾತ್ರ ಬರೆಯುವ ಪ್ರತಿಯೊಬ್ಬರೂ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಸುಶೀಲಮ್ಮನಿಗೂ ಇನ್ನೊಂದು ಗುಟ್ಟು ಇರಲಿ, ಅದರ ಒಂದು ಅಂಚು ಮಾತ್ರ ಕಾಣಲಿ.

ಹಂತ 7: ಮಾತು

ಸಂಕೇತದ ಮಾತು ಸಂಕೇತದಂತೆ ಕೇಳಿಸಬಾರದು. ‘ಹಕ್ಕಿ ಗೂಡು ಸೇರಿದೆಯೇ’ ಎಂದು ಕ್ಯೂರಿಂಗ್ ವರ್ಕ್ಸ್ ಗೇಟಿನಲ್ಲಿ ಯಾರೂ ಕೇಳುವುದಿಲ್ಲ. ಗೋದಾಮಿನ ದಿನದ ಮಾತಿನಲ್ಲೇ ಸುದ್ದಿ ಸಾಗಬೇಕು:

‘ಅಕ್ಕಾ, ಹೆತ್ತೂರು ಕಡೆ ಲೋಡು. ನಲವತ್ತಿದೆ.’

‘ಒದ್ದೆಗಿದ್ದೆ ಆಗಿದ್ಯೇನೋ?’

‘ಇಲ್ಲ ಕಣಕ್ಕ. ಜಾಸ್ತಿನೇ ಬಿಸಿಲು ಕಂಡಿದೆ ಅಂದ್ರು ರೈಟ್ರು.’

ಸುಶೀಲಮ್ಮ ಕೊಳವೆ ಕೈಗೆತ್ತಿಕೊಂಡರು. ‘ಹೊಲಿಗೆ ಸಡಿಲ ಆಗಿರೋವು ಎಷ್ಟು?’

‘ಹತ್ತು.’

‘ಗೋಡೆ ಕಡೆ ಹಾಕ್ಸು. ಆಮೇಲೆ ನಾನೇ ಹೊಲೀತೀನಿ. ಊಟ ಆಯ್ತಾ ನಿಂದು?’

‘ಎಲ್ಲಿ ಊಟ, ಬೆಳಿಗ್ಗೆ ಬಿಟ್ಟಿರೋದು.’

‘ಡಬ್ಬೀಲಿ ಎರಡು ರೊಟ್ಟಿ ಐತೆ, ತಗೋ.’

ಪಕ್ಕದಲ್ಲಿ ನಿಂತ ತನಿಖೆಯವನಿಗೆ ಇದರಲ್ಲಿ ಹಿಡಿಯಲು ಏನೂ ಇಲ್ಲ. ಬಿಸಿಲು ಎಂದರೆ ಶೇ. 11, ಸಡಿಲ ಹೊಲಿಗೆ ಎಂದರೆ ಸೆಲ್ ಇರುವ ಚೀಲ, ಗೋಡೆ ಕಡೆ ಎಂದರೆ ಕ್ಯಾಮೆರಾ ಕಾಣದ ಮೂಲೆ. ಊಟದ ಮಾತಿಗೆ ಮಾತ್ರ ಯಾವ ಒಳಗುಟ್ಟೂ ಇಲ್ಲ. ಎಲ್ಲ ಸಾಲಿಗೂ ಎರಡು ಅರ್ಥ ಕೊಟ್ಟರೆ ಜನ ಬದುಕಿದ್ದಾರೆ ಅನ್ನಿಸುವುದಿಲ್ಲ.

ಸಂಬೋಧನೆಯನ್ನು ಗಮನಿಸಿ. ಮಂಜ ‘ಅಕ್ಕ’ ಎನ್ನುತ್ತಾನೆ, ಅವರು ಅವನನ್ನು ಏಕವಚನದಲ್ಲಿ ಕರೆಯುತ್ತಾರೆ, ಎದುರಿಗಿಲ್ಲದ, ತೋಟದ ಲೆಕ್ಕ ಬರೆಯುವ ರೈಟರ್‌ಗೂ ಬಹುವಚನ ಸಲ್ಲುತ್ತದೆ. ನಿರೂಪಣೆಯಲ್ಲಿ ಬಂಡಾಯದ ಮುಂದಾಳುವಿಗೆ ‘ಅವರು’ ಎಂದೂ ಐವತ್ತು ದಾಟಿದ ಸುಶೀಲಮ್ಮನಿಗೆ ‘ಅವಳು’ ಎಂದೂ ಬರೆದರೆ, ಯಾರು ದೊಡ್ಡವರೆಂದು ನೀವೇ ತೀರ್ಪು ಕೊಟ್ಟಂತಾಯಿತು. ಮೂಡಿಗೆರೆ, ಕೊಪ್ಪದ ಕಡೆ ಕಥೆ ನಡೆಯುವುದಾದರೆ ‘ಮಾರಾಯ’, ‘ಮಾರಾಯ್ತಿ’ ಬರಲಿ. ಅದನ್ನೇ ಅರಸೀಕೆರೆಯ ತೆಂಗಿನ ತೋಟದವರ ಬಾಯಿಗೆ ತುರುಕಬೇಡಿ.

ಹಂತ 8: ಎಷ್ಟು ಸಲ, ಎಷ್ಟು ಹೊತ್ತು

8,000 ಪದಗಳ ಕಥೆಗೆ ಮೂರು ಸಲ ಸಾಕು, ಒಟ್ಟು ಸಾವಿರ ಪದ ಮೀರದಿರಲಿ. ಮೊದಲ ಸಲ 250 ಪದ, ಕಥೆಯ ಮೊದಲ ಕಾಲುಭಾಗದೊಳಗೆ: ಬಂಡಾಯದ ಸುಳಿವೇ ಇಲ್ಲದೆ ತೂಕ ಬರೆಯುವುದು, ಬೆಳೆಗಾರನಿಗೆ ಚೀಟಿ ಕೊಡುವುದು, 49.5 ಎಂಬ ಅಂಕಿ. ಎರಡನೇ ಸಲ 550ರಿಂದ 600 ಪದ: ಕೊಳವೆ, ಮೀಟರು, ಒತ್ತುವ ಬೆರಳು. ಓದುಗರಿಗೆ ಕೆಲಸದ ಪರಿಚಯ ಆಗಲೇ ಆಗಿರುವುದರಿಂದ ಯಾವ ವಿವರಣೆಯೂ ಇಲ್ಲದೆ ಒಂದು ಅಂಕಿಯ ವ್ಯತ್ಯಾಸ ಅವರಿಗೆ ಹೊಳೆಯುತ್ತದೆ. ಮೊದಲ ದೃಶ್ಯವನ್ನು ಬಿಟ್ಟು ನೇರ ಎರಡನೆಯದಕ್ಕೆ ಬಂದ ಕಥೆಗಳಲ್ಲಿ ಲೇಖಕರು ಇಲ್ಲಿ ನಿಂತು ಪಾಠ ಮಾಡಬೇಕಾಗುತ್ತದೆ. ಮೂರನೆಯದು 150 ಪದ, ಪರಿಣಾಮ.

ಪಾತ್ರದ ದೃಷ್ಟಿಕೋನಕ್ಕೆ ಹೊಕ್ಕು ಹಳೆಯ ನೆನಪುಗಳನ್ನು ತೆಗೆಯಬೇಡಿ. ಅವರ ಹಿಂದಿನ ಬದುಕು ವಸ್ತುಗಳಲ್ಲಿ ಕಾಣಲಿ: ಸವೆದು ಬೆಳ್ಳಗಾದ ದಬ್ಬಣ, ಮೀಟರಿನ ಬಟ್ಟಲನ್ನು ಪ್ರತಿ ಸಲವೂ ಸೆರಗಿನಿಂದ ಒರೆಸುವ ಅಭ್ಯಾಸ.

ಹಂತ 9: ಅವರನ್ನು ಏನು ಮಾಡಬೇಕು

ಸಾಯಿಸುವುದು ಸುಲಭದ ದಾರಿ, ಬಹುಪಾಲು ತಪ್ಪು ದಾರಿ. ಸಹಾಯಕಿಯ ಸಾವು ನಾಯಕಿಗೆ ಕೋಪ ತರಿಸಲಿಕ್ಕೆ ಬಳಕೆಯಾದರೆ ಅವರ ಬದುಕು ಕಥೆಯ ಉರುವಲಾಯಿತು. ನಿಮ್ಮ ಆಡಳಿತದ ಸ್ವಭಾವಕ್ಕೆ ಹೊಂದುವ ಅಂತ್ಯ ಯೋಚಿಸಿ. ಅಂಕಿಗಳನ್ನು ನಂಬುವ ಆಡಳಿತ ಅಂಕಿಗಳ ಮೂಲಕವೇ ಹೊಡೆಯುತ್ತದೆ. ಹೆತ್ತೂರಿನ ತೋಟದ ಚೀಲಗಳ ಮೇಲೆ ಗಣಕಕ್ಕೆ ಅನುಮಾನ ಬಂದು, ಗೇಟಿಗೆ ತಾನೇ ಓದಿ ತಾನೇ ಕಳಿಸುವ ಹೊಸ ತೇವಾಂಶ ಮೀಟರು ಬರುತ್ತದೆ. ಸುಶೀಲಮ್ಮನನ್ನು ಕಾಳು ಆಯುವ ವಿಭಾಗಕ್ಕೆ ಹಾಕುತ್ತಾರೆ. ಬಂಧನವಿಲ್ಲ, ವಿಚಾರಣೆಯಿಲ್ಲ. ಆದರೆ ಮುಂದಿನ ಲೋಡು ಆಗಲೇ ದಾರಿಯಲ್ಲಿದೆ, ಮಂಜನಿಗೆ ಈ ಸುದ್ದಿ ಗೊತ್ತಿಲ್ಲ, ಅವನನ್ನು ಮುಟ್ಟಲು ಅವರಿಗೆ ಇರುವ ಜಾಗ ಗೇಟೊಂದೇ ಆಗಿತ್ತು. ಕಥೆಯ ಕೊನೆಯ ಭಾಗವನ್ನು ಹೊರಬಲ್ಲ ಸಮಸ್ಯೆ ಇದು.

ಪರಿಹಾರವೂ ಉದ್ಯೋಗದಿಂದಲೇ ಬರಬೇಕು. ಆಯುವ ಹೆಂಗಸರು ಮಧ್ಯಾಹ್ನ ಊಟಕ್ಕೆ ಕೂರುವುದು ಗೇಟಿನ ಪಕ್ಕದ ನೆರಳಿನಲ್ಲಿ ಎಂದು ಮೊದಲ ದೃಶ್ಯದಲ್ಲೇ ಒಂದು ಸಾಲು ಇಟ್ಟಿರಿ. ಅಲ್ಲಿ ಯಾರು ಎದ್ದು ನಿಂತು, ಯಾವ ಮಾತು ಹೇಳಿ ಲಾರಿಯನ್ನು ಒಳಗೆ ಬಿಡದೆ ತಿರುಗಿಸುತ್ತಾರೆ ಎಂಬುದು ನಿಮ್ಮ ಕೆಲಸ.

ಹಂತ 10: ತಿದ್ದುವಾಗ

ಸುಶೀಲಮ್ಮನ ಮೂರು ದೃಶ್ಯಗಳನ್ನು ಬೇರೆ ಕಡತಕ್ಕೆ ತೆಗೆದು, ಅಷ್ಟನ್ನೇ ಓದಿ. ಅವು ತಮ್ಮಷ್ಟಕ್ಕೆ ಒಂದು ಸಣ್ಣ ಕಥೆಯಾಗಿ ನಿಲ್ಲಬೇಕು. ಆಮೇಲೆ ಅವನ್ನು ಬಿಟ್ಟು ಉಳಿದ ಕಥೆ ಓದಿ. ಎಲ್ಲಿಯಾದರೂ ಅದು ಮುಂದೆ ಸಾಗದೆ ಸಿಕ್ಕಿಕೊಳ್ಳಬೇಕು, ಹಾಗಾಗದಿದ್ದರೆ ಪಾತ್ರ ಅಲಂಕಾರಕ್ಕೆ ಬಂದಿದೆ ಎಂದರ್ಥ. ಅಂಕಿಗಳನ್ನು ಇನ್ನೊಮ್ಮೆ ಕೂಡಿಸಿ. ಚೀಲ, ಸೆಲ್, ತೇವಾಂಶ, ತಿಂಗಳು ಈ ನಾಲ್ಕರಲ್ಲಿ ಒಂದು ಬದಲಾದರೆ ಉಳಿದ ಮೂರೂ ಬದಲಾಗುತ್ತವೆ. ಅರೇಬಿಕಾ ಬದಲು ರೋಬಸ್ಟಾ ಎಂದರೆ ಚೆರಿಯ ತೇವಾಂಶ ಶೇ. 11ರಿಂದ ಶುರುವಾಗುತ್ತದೆ, ಕೊಯ್ಲೂ ತಡವಾಗುತ್ತದೆ. ಆಗ ಹಳ್ಳದಲ್ಲಿ ಯಂತ್ರ ತಿರುಗಿಸುವಷ್ಟು ನೀರು ಉಳಿದಿರುತ್ತದೆಯೇ ಎಂದು ಮೊದಲು ನೋಡಿ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ, ತಿರುಳು ತೆಗೆದು ಒಣಗಿಸಿದ ಕಾಫಿ) ಎಂದು ಬರೆದರೆ ಶೇ. 10ರಿಂದ ಲೆಕ್ಕ ಹೊಸದಾಗಿ ಮಾಡಿ. ಕೊನೆಗೆ, ಕಾಫಿ ಕೆಲಸ ಬಲ್ಲ ಒಬ್ಬರಿಗೆ ಎರಡನೇ ದೃಶ್ಯವನ್ನು ಗಟ್ಟಿಯಾಗಿ ಓದಿಹೇಳಿ. ಅವರು ತಡೆದು ಪ್ರಶ್ನೆ ಕೇಳಿದ ಜಾಗಕ್ಕೆ ಗುರುತು ಹಾಕಿಕೊಂಡು ಅಲ್ಲಿಂದ ತಿದ್ದಲು ಶುರುಮಾಡಿ.